ಬಾಯಿ ಬದಲು

ಇದನ್ನು ಹೇಳಬೇಕಾದವರು ಆ ಡಿಪೋದಲ್ಲಿ ದುಡಿದವರು. ಅವರಿವರ ಬಾಯಿಂದ ಕೇಳಿದ್ದನ್ನು ಹೀಗೆ ಬರೆಯಲು ಹೊರಟಿದ್ದಕ್ಕೆ ಅವರು ಕ್ಷಮಿಸಬೇಕು. ಎಲ್ಲಾದರೂ ತಪ್ಪಿದ್ದರೆ ಅದು ಕೇಳಿದ ಕಿವಿಯದು, ಹೇಳಿದ ನಾಲಿಗೆಯದಲ್ಲ.

"ಇನ್ನೂ ಇದೆ," ಎಂದರು ಬ್ರೇಕ್ ಮಾವ.

ಬಸ್ ಡಿಪೋದ ಸೀಟು ವಿಭಾಗದಲ್ಲಿ, ತಗಡಿನ ಚಾವಣಿಯ ಕೆಳಗೆ ಸೇರಿದ್ದ ಜನ ಗೊಳ್ಳೆಂದು ನಕ್ಕರು. ಅವರೆದುರು ನಿಂತಿದ್ದ ಸೂಜಿಗೆ ಮಾತ್ರ ನಗು ಬರಲಿಲ್ಲ. ಅವಳು ಅದೇ ವಿಭಾಗದಲ್ಲಿ ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಹೊಲಿಯುವವಳು. ಕೈಯಲ್ಲಿ ಸದಾ ಇರುವ ದಬ್ಬಣಕ್ಕೋ, ಮಾತಿನ ಮೊನಚಿಗೋ ಆ ಹೆಸರು ಬಿದ್ದು, ಈಗ ಅವಳನ್ನು ಹೆತ್ತವಳೂ ಹಾಗೇ ಕರೆಯುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಮೊಣಕಾಲ ಮೇಲೆ ಕೈಯೂರಿ ಕುಳಿತಿದ್ದ ಬ್ರೇಕ್ ಮಾವ ಆ ತಾಯಿಯ ಅಣ್ಣ, ಸಂಘದ ಕಾರ್ಯದರ್ಶಿ. ಬ್ರೇಕ್ ವಿಭಾಗದಲ್ಲಿ ತಲೆ ಹಣ್ಣಾಗಿಸಿಕೊಂಡವರು. ಬಸ್ಸುಗಳಿಗಿಂತ ಸಭೆಗಳಿಗೇ ಅವರು ಹೆಚ್ಚು ಬ್ರೇಕ್ ಹಾಕಿದ್ದಾರೆಂದು ಡಿಪೋದಲ್ಲಿ ತಮಾಷೆ ಇತ್ತು. ಸೂಜಿಗೆ ಸೋದರಮಾವನಾದವರು ಹೀಗೆ ಇಡೀ ಡಿಪೋಗೇ ಮಾವನಾಗಿದ್ದರು.

ಆ ಸಂಘದಲ್ಲಿ ಒಂದು ಕಟ್ಟುಪಾಡಿತ್ತು. ಹಿಂದೊಮ್ಮೆ ಸಭೆಯಲ್ಲಿ ಮಾತಿಗೆ ಮಾತು ಬೆಳೆದು ಸ್ಪ್ಯಾನರ್ ಹಾರಿ ಒಬ್ಬನ ತಲೆ ಒಡೆದ ಮೇಲೆ ಹಿರಿಯರು ಮಾಡಿದ್ದು. ಎರಡು ಕಡೆಯಾದಾಗ ಯಾರೂ ಮೊದಲೇ ತಮ್ಮ ವಾದ ಹೂಡುವಂತಿಲ್ಲ. ಎದುರಾಳಿಯ ವಾದವನ್ನು ತಮ್ಮ ಬಾಯಿಂದ ಹೇಳಬೇಕು. ಎದುರಾಳಿ "ಅದೇ" ಎಂದರೆ ಸರಿ. "ಇನ್ನೂ ಇದೆ" ಎಂದರೆ ಮತ್ತೆ ಹುಡುಕಬೇಕು. ಹುಡುಕಲಾಗದೆ ಕೈಚೆಲ್ಲಿದವರು ತಮ್ಮ ಸರದಿ ಕಳೆದುಕೊಂಡು ಕುಳಿತುಬಿಡಬೇಕು. ಬೇಕೆಂದೇ "ಇನ್ನೂ ಇದೆ" ಎನ್ನುತ್ತ ಕಾಡುವಂತೆಯೂ ಇಲ್ಲ. ಉಳಿದಿದ್ದೇನು ಎಂದು ಕೊನೆಗೆ ಸಭೆಗೆ ಹೇಳಲೇಬೇಕು. ಇದಕ್ಕೆ ಬಾಯಿ ಬದಲು ಎಂದು ಹೆಸರು. ಬೇರೆ ಡಿಪೋದವರು ಕೇಳಿ ನಗುತ್ತಿದ್ದರು. ಆದರೆ ಆಮೇಲೆ ಇಲ್ಲಿ ಯಾರ ತಲೆಯೂ ಒಡೆದಿರಲಿಲ್ಲ.

ಈಗಿನ ಜಗಳ ದವಾಖಾನೆಯದು. ಸರ್ಕಾರ ಹೊಸ ಕಾನೂನು ತರಲು ಹೊರಟಿತ್ತು. ಎಲ್ಲರ ಔಷಧೋಪಚಾರಕ್ಕೂ ಒಂದೇ ನಿಧಿ. ದುಡಿಯುವವರ ಸಂಬಳದಿಂದಲೂ ದುಡಿಸುವವರ ಲಾಭದಿಂದಲೂ ಅದಕ್ಕೆ ಪಾಲು. ಸಂಘಗಳು ನಡೆಸುವ ದವಾಖಾನೆಗಳೂ ಅದರಲ್ಲಿ ಸೇರಿ ಎಲ್ಲರಿಗೂ ಬಾಗಿಲು ತೆರೆಯಬೇಕು. ಒಪ್ಪುತ್ತೀರೋ ಇಲ್ಲವೋ ಎಂದು ಮೇಲಿನ ಮಹಾಸಂಘ ಪ್ರತಿ ಡಿಪೋವನ್ನೂ ಕೇಳಿತ್ತು. ಮಾವ ಬೇಡ ಎನ್ನುತ್ತಿದ್ದರು. ಬೇಕು ಎನ್ನುವವರ ಪರವಾಗಿ ಮಾತಾಡಲು ಹಿಂದಿನ ಸಭೆಯಲ್ಲಿ ಯಾರೂ ಮುಂದೆ ಬರದಿದ್ದಾಗ ಸೂಜಿ ಕೈಯೆತ್ತಿದ್ದಳು.

ಎತ್ತಿದ ಮೇಲೆ ಅವಳಿಗೆ ನಿದ್ದೆ ಹತ್ತಿರಲಿಲ್ಲ. ಆ ದವಾಖಾನೆ ಮಾವನ ಕೂಸು. ದೊಡ್ಡ ಮುಷ್ಕರದಲ್ಲಿ ಪೊಲೀಸರ ಲಾಠಿಗೆ ಬೆನ್ನು ಕೊಟ್ಟು, ಆಡಳಿತದ ಕೈ ತಿರುಚಿ ಸಹಿ ಹಾಕಿಸಿಕೊಂಡು, ಹಳೆಯ ಟಯರ್ ಗೋದಾಮಿಗೆ ತಾವೇ ಸುಣ್ಣ ಬಳಿದು ನಿಲ್ಲಿಸಿದ್ದು. ಮಳೆಗಾಲದಲ್ಲಿ ಇಂದಿಗೂ ಗೋಡೆಯಿಂದ ರಬ್ಬರಿನ ವಾಸನೆ ಬರುತ್ತಿತ್ತು. ಸೂಜಿಯ ಮಗಳು ಹುಟ್ಟಿದಾಗ ಬಾಣಂತನದ ಮಾತ್ರೆಗಳು ಬಂದದ್ದು ಅಲ್ಲಿಂದ. ಅತ್ತೆಯ, ಅಂದರೆ ಮಾವನ ಹೆಂಡತಿಯ, ಉಬ್ಬಸಕ್ಕೆ ಮದ್ದು ಅಲ್ಲಿಯದೇ.

ಆದರೆ ಅವಳು ಒಂದು ಕಿಟಕಿಯನ್ನು ನೋಡಿಬಿಟ್ಟಿದ್ದಳು. ಬಸ್ಸು ತೊಳೆಯುವ ಹೆಂಗಸರು ಗುತ್ತಿಗೆಯವರು, ಸಂಘದ ಸದಸ್ಯರಲ್ಲ. ಅವರಲ್ಲೊಬ್ಬಳ ಕೈಗೆ ಗ್ರೀಸ್ ತೆಗೆಯುವ ಕ್ಷಾರದ ನೀರು ಬಿದ್ದು ಚರ್ಮ ಸುಲಿದುಹೋಗಿತ್ತು. ಬಾಗಿಲಲ್ಲಿ ಒಳಗೆ ಬಿಟ್ಟರೆ ನಿಯಮ ಮುರಿದಂತೆ ಎಂದು ನರ್ಸಮ್ಮ ಅವಳನ್ನು ಹಿಂದಿನ ಕಿಟಕಿಗೆ ಕರೆದಿದ್ದರು. ಹೆಂಗಸು ಹೊರಗೆ, ಚರಂಡಿಯ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಕಂಬಿಗಳ ನಡುವೆ ಕೈ ಚಾಚಿದ್ದಳು. ನರ್ಸಮ್ಮ ಒಳಗಿನಿಂದ ಬಟ್ಟೆ ಸುತ್ತುತ್ತಿದ್ದರು. ಕೈ ಒಳಗೆ, ಆಳು ಹೊರಗೆ. ಮನೆಯಲ್ಲಿ ಊಟಕ್ಕೆ ಕುಳಿತಾಗ ಸೂಜಿ ಅದನ್ನು ಮಾವನಿಗೆ ಹೇಳಿದ್ದಳು.

"ಹಾಗಾದ್ರೆ ಅವರೂ ಸದಸ್ಯರಾಗ್ಲಿ. ನಾನೇನು ಬೇಡ ಅಂದ್ನಾ?"

"ಗುತ್ತಿಗೆದಾರ ಆಗೋಕೆ ಬಿಡ್ತಾನಾ ಮಾವ? ಮಾರನೇ ದಿನ ಗೇಟ್ ಹೊರಗೆ."

"ಅದಕ್ಕೇ ಹೋರಾಡೋಣ. ಇರೋ ಸೂರನ್ನ ಕಿತ್ತು ಕೊಟ್ರೆ ಎಲ್ರೂ ಸಮವಾಗಿ ನೆನೀತೀವಿ, ಅಷ್ಟೇ."

"ನೀವಿಬ್ರೂ ಬಾಯಿ ಬದಲು ಮಾಡೋದು ಅಲ್ಲಿ," ಎಂದಿದ್ದರು ಅತ್ತೆ, ತಟ್ಟೆಗಳನ್ನು ದಡಬಡ ಇಡುತ್ತ. "ಈ ಮನೇಲಿ ಬಾಯಿ ಇರೋದು ಊಟಕ್ಕೆ."

ಅಪ್ಪ ಸತ್ತ ಮೇಲೆ ಅವಳನ್ನೂ ಅವಳ ತಾಯಿಯನ್ನೂ ಕರೆತಂದು ಅದೇ ತಟ್ಟೆಗಳಲ್ಲಿ ಉಣ್ಣಿಸಿದವರು ಮಾವ. ಅವರ ಎದುರು ನಿಲ್ಲುವುದೆಂದರೆ ಉಂಡ ಮನೆಯ ಜಂತೆ ಎಣಿಸಿದಂತೆ ಎಂದು ತಾಯಿ ಕಣ್ಣು ಒರೆಸಿಕೊಂಡಿದ್ದಳು. ಇವತ್ತು ಸೋತರೆ ಕಿಟಕಿ ಹಾಗೇ ಉಳಿಯುತ್ತದೆ. ಗೆದ್ದರೆ, ಮಾವ ಉಳಿಯುತ್ತಾರೋ ಇಲ್ಲವೋ.

ಈಗ ಸಭೆಯಲ್ಲಿ ಅವಳು ಆಗಲೇ ಎರಡು ಮಾತು ಹೇಳಿ ಮುಗಿಸಿದ್ದಳು. ದವಾಖಾನೆ ನಮ್ಮ ಬೆವರಿನದು, ಅದನ್ನು ಬಿಟ್ಟಿಯಾಗಿ ಕೊಡುವುದು ಮುಷ್ಕರದಲ್ಲಿ ಪೆಟ್ಟು ತಿಂದವರಿಗೆ ಮಾಡುವ ದ್ರೋಹ ಎಂದಳು. "ಇನ್ನೂ ಇದೆ." ಸರ್ಕಾರದ ಕೈ ನಂಬುವಂಥದ್ದಲ್ಲ, ಇವತ್ತಿನ ಮಂತ್ರಿ ಕೊಟ್ಟದ್ದನ್ನು ನಾಳಿನ ಮಂತ್ರಿ ಕಸಿಯುತ್ತಾನೆ, ನಿಧಿ ಬತ್ತಿದಾಗ ಸಾಲು ಬೆಳೆಯುತ್ತದೆ, ಸಾಲಿನಲ್ಲಿ ನಮ್ಮ ಉಬ್ಬಸದವರು ನಿಲ್ಲಬೇಕಾಗುತ್ತದೆ ಎಂದಳು. ಇದಕ್ಕಿಂತ ಚೆನ್ನಾಗಿ ಮಾವನೂ ಹೇಳಲಾರರು ಎಂದು ಹಿಂದಿನಿಂದ ಯಾರೋ ಕೂಗಿದರು. ಆದರೂ "ಇನ್ನೂ ಇದೆ."

"ಬೇಗ ಹುಡುಕಮ್ಮಾ," ಎಂದರು ಸಭೆ ನಡೆಸುತ್ತಿದ್ದ ಟೈಮ್‌ಕೀಪರ್. "ಸಂಜೆ ಪಾಳಿಯವರು ಗಾಡಿ ಎತ್ತಬೇಕು. ಗೊತ್ತಿಲ್ಲ ಅಂದ್ರೆ ಕೂತ್ಕೋ."

ಸೂಜಿ ಮಾವನ ಮುಖ ನೋಡಿದಳು. ಅಲ್ಲಿ ಹಠ ಇರಲಿಲ್ಲ. ಮಾವ ಕಾಯುತ್ತಿದ್ದರು. ಅವಳು ಬೆಂಚುಗಳ ಕಡೆ ನೋಡಿದಳು. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಬೇಗ ಎದ್ದು ಹೋಗಲು ಅನುಕೂಲವಾಗುವಂತೆ ಯುವ ಚಾಲಕರು ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕುಳಿತಿದ್ದರು. ಅವರನ್ನು ಸಂಘಕ್ಕೆ ಸೇರಿಸಲು ಅವಳೇ ಗ್ಯಾರೇಜು ಗ್ಯಾರೇಜು ಅಲೆದಿದ್ದಳು. ಅವರು ಮೊದಲು ಕೇಳಿದ್ದೇನು? ಸಂಬಳದ ಮಾತಲ್ಲ, ಪಾಳಿಯ ಮಾತಲ್ಲ. "ಸೇರಿದ್ರೆ ದವಾಖಾನೆ ಚೀಟಿ ಕೊಡ್ತೀರಾ ಅಕ್ಕಾ?" ಎಲ್ಲರೂ ಅದನ್ನೇ ಕೇಳಿದ್ದರು.

ಅವಳಿಗೆ ಥಟ್ಟನೆ ತಿಳಿಯಿತು. ಇದನ್ನು ಮಾವ ತಾವಾಗಿ ಯಾವ ಸಭೆಯಲ್ಲೂ ಹೇಳಲಾರರು. ಹೇಳಿದರೆ ಎದುರಿಗೆ ಕುಳಿತವರ ಮುಖಕ್ಕೆ ಹೊಡೆದಂತೆ.

"ಹೇಳ್ಲಾ ಮಾವ?" ಎಂದಳು ಮೆಲ್ಲಗೆ.

"ನನ್ನನ್ಯಾಕೆ ಕೇಳ್ತೀಯ? ನನ್ನ ಬಾಯಿ ಈಗ ನಿನ್ನ ಹತ್ರ ಇದೆ."

ಅವಳು ಸಭೆಯ ಕಡೆ ತಿರುಗಿದಳು. ದನಿ ತಾನಾಗಿ ಗಟ್ಟಿಯಾಯಿತು. "ಮಾವ ಹೇಳೋದು ಇದು. ಈ ಡಿಪೋನಲ್ಲಿ ಅರ್ಧ ಜನ ಸಂಘಕ್ಕೆ ಬರೋದೇ ದವಾಖಾನೆಗೋಸ್ಕರ. ಅದನ್ನ ಸರ್ಕಾರವೇ ಎಲ್ರಿಗೂ ಕೊಟ್ಟುಬಿಟ್ರೆ ಚಂದಾ ಯಾಕೆ ಕಟ್ತೀರಿ? ಸಭೆಗೆ ಯಾಕೆ ಬರ್ತೀರಿ? ಒಂದಿನ ಆಡಳಿತದೋರು ಯಾರನ್ನೋ ಕಿತ್ತು ಹಾಕಿದಾಗ ತಿರುಗಿ ನೋಡಿದ್ರೆ ಹಿಂದೆ ಯಾರೂ ಇರಲ್ಲ. ಸರ್ಕಾರದ ಮೇಲೆ ನಂಬಿಕೆ ಇಲ್ಲ ಅನ್ನೋದು ಆಮೇಲಿನ ಮಾತು. ಮಾವನಿಗೆ ನಂಬಿಕೆ ಇಲ್ದೇ ಇರೋದು ನಿಮ್ಮ ಮೇಲೆ."

ತಗಡಿನ ಮೇಲೆ ಕಾಗೆಯೊಂದು ನಡೆದಾಡುವ ಸದ್ದು ಕೇಳಿಸಿತು.

"ಅದೇ," ಎಂದರು ಮಾವ.

ಯುವ ಚಾಲಕನೊಬ್ಬ ಜಿಗಿದೆದ್ದ. "ನಾವೇನು ಮಾತ್ರೆ ನುಂಗೋಕೆ ಬಂದೋರಾ ಇಲ್ಲಿ?"

"ಹಾಗಾದ್ರೆ ಹೋದ ಸಭೆಗೆ ಯಾಕಪ್ಪಾ ಬರಲಿಲ್ಲ?" ಎಂದರು ಮಾವ.

"ಡ್ಯೂಟಿ ಇತ್ತು."

"ಡ್ಯೂಟಿ ಚಾರ್ಟ್ ಓದೋಕೆ ನನಗೂ ಬರುತ್ತೆ, ಮಗಾ."

ಅವನ ಪಕ್ಕದವರೇ ಮೊದಲು ನಕ್ಕರು. ಅವನು ಕಿವಿ ಕೆಂಪಾಗಿಸಿಕೊಂಡು ಕುಳಿತ. ಟೈಮ್‌ಕೀಪರ್ ಬೆಂಚು ಕುಟ್ಟಿ ಮಾವನಿಗೆ ಸನ್ನೆ ಮಾಡಿದರು. ಈಗ ಅವರ ಸರದಿ, ಸೂಜಿಯ ಬಾಯಾಗಬೇಕು.

ಮಾವ ಎದ್ದು ನಿಂತರು. ಕಿಟಕಿಯ ಸಂಗತಿಯನ್ನು ಅವರು ಹೇಳಿದ ರೀತಿಗೆ ಸೂಜಿಯೇ ಬೆರಗಾದಳು. ಚರಂಡಿಯ ಅಂಚು, ತುದಿಗಾಲು, ಕಂಬಿ, ಏನನ್ನೂ ಬಿಡಲಿಲ್ಲ. "ರೋಗ ಬರೋವಾಗ ನೀನು ಯಾವ ಸಂಘ ಅಂತ ಕೇಳಲ್ಲ, ಮದ್ದು ಯಾಕೆ ಕೇಳ್ಬೇಕು? ಇದು ಅವಳ ವಾದ."

"ಅದೇ," ಎಂದಳು ಸೂಜಿ.

"ಯಾಕಮ್ಮಾ ಅಷ್ಟು ಅವಸರ? ಇನ್ನೂ ಇದೆ ಅನ್ಬೇಕಿತ್ತು ನೀನು."

"ಸಾಕು ಮಾವ. ಅಷ್ಟೇ ನನ್ನ ಮಾತು."

"ಅಷ್ಟೇ ಅಲ್ಲ. ನನಗೆ ನೋವಾಗುತ್ತೆ ಅಂತ ಬಿಡ್ತಿದ್ದೀಯ. ಸಭೇಲಿ ನಾನು ನಿನ್ನ ಮಾವ ಅಲ್ಲ." ಅವರು ಜನರ ಕಡೆ ತಿರುಗಿದರು. "ಕೇಳಿ, ಇವಳು ನುಂಗಿಕೊಂಡದ್ದನ್ನ ನಾನು ಹೇಳ್ತೀನಿ. ಪ್ರತಿ ಸಲ ಸಂಬಳದ ಮಾತಿಗೆ ಕೂತಾಗ ಆಡಳಿತದೋರು ಮೊದಲು ಮೇಜಿನ ಮೇಲೆ ಇಡೋದು ದವಾಖಾನೆಯನ್ನ. ಅದು ಉಳೀಬೇಕಾ, ಹಾಗಾದ್ರೆ ಇದನ್ನ ಬಿಡಿ. ಹೋದ ಒಪ್ಪಂದದಲ್ಲಿ ಸಂಬಳ ಬಿಟ್ಟುಕೊಟ್ಟು ದವಾಖಾನೆ ಉಳಿಸಿದ್ದು ನಾನೇ. ಇವತ್ತು ಕೇಳಿದ್ರೂ ಅದನ್ನೇ ಮಾಡ್ತೀನಿ. ಆದ್ರೆ ಇವಳ ವಾದ ಏನು? ಔಷಧಿ ಎಲ್ರ ಹಕ್ಕಾದ ದಿನ ಅವರ ಕೈಲಿ ನಮ್ಮ ಜುಟ್ಟು ಇರಲ್ಲ. ಆಗ ಸಂಘ ಕೆಮ್ಮಿನ ಸಿರಪ್ ಬಿಟ್ಟು ಕೂಲಿ ಬಗ್ಗೆ ಮಾತಾಡಬಹುದು. ಹೌದೋ ಅಲ್ಲವೋ?"

"ಅದೇ," ಎಂದಳು ಸೂಜಿ. ಮಾತು ಎಲ್ಲರಿಗೂ ಕೇಳಿಸಿತು.

ತಂತಮ್ಮ ಬಾಯಿಯಿಂದ ಹೇಳಲು ಇಬ್ಬರಿಗೂ ಹೆಚ್ಚೇನೂ ಉಳಿದಿರಲಿಲ್ಲ. ಮಾವ ತಲೆಯಾಡಿಸಿ, ತಮಗೆ ಇನ್ನು ಮಾತು ಬೇಡ ಎಂದರು. ಸೂಜಿ ಹಿಂದಿನ ಬೆಂಚಿನತ್ತ ನೋಡುತ್ತ, "ನನಗೆ ಉಳಿದಿರೋದು ಒಂದೇ ಮಾತು," ಎಂದಳು. "ನೀವು ಬರ್ತೀರಿ ಅಂತ ನಾನು ನಂಬ್ತೀನಿ. ಮಾತ್ರೆ ಇಲ್ದೇ ಇದ್ರೂ ಬರ್ತೀರಿ. ನನ್ನ ಮುಖಕ್ಕೆ ಮಸಿ ಬಳೀಬೇಡಿ."

ಮತ ಹಾಕುವುದೂ ಅಲ್ಲಿ ಕಾಲಿನಿಂದಲೇ. ಒಪ್ಪುವವರು ಹೊಲಿಗೆ ಯಂತ್ರಗಳ ಕಡೆ, ಒಪ್ಪದವರು ಸ್ಪಂಜು ಪೇರಿಸಿದ್ದ ಗೋಡೆಯ ಕಡೆ. ಜನ ಎದ್ದು ಬೆಂಚುಗಳನ್ನು ತಳ್ಳಿಕೊಂಡು ನಡೆದರು. ಮುಷ್ಕರದ ಕಾಲದ ಹಿರಿಯರಲ್ಲಿ ಕೆಲವರು ನಡುವೆ ನಿಂತು ಮಾವನ ಮುಖ ನೋಡಿದರು. ಮಾವ ತಮ್ಮ ಚಪ್ಪಲಿ ನೋಡಿಕೊಂಡರು, ಯಾರಿಗೂ ದಾರಿ ತೋರಿಸಲಿಲ್ಲ. ಕೊನೆಗೆ ಎಣಿಸುವ ಗೋಜೇ ಇರಲಿಲ್ಲ. ಯಂತ್ರಗಳ ಕಡೆ ನಿಲ್ಲಲು ಜಾಗವಿಲ್ಲದೆ ಜನ ಬಾಗಿಲಾಚೆಗೂ ಚೆಲ್ಲಿದ್ದರು. ಸೂಜಿ ಅಲ್ಲಿ ನಿಂತು ನೋಡುತ್ತಿದ್ದಂತೆ ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಸ್ಪಂಜಿನ ಗೋಡೆಯ ಕಡೆ ನಡೆದು, ತೆಳ್ಳಗಿದ್ದ ಸಾಲಿನ ಕೊನೆಯಲ್ಲಿ ನಿಂತರು.

ಮನೆಗೆ ಇಬ್ಬರೂ ಒಟ್ಟಿಗೇ ನಡೆದರು. ಬಾಗಿಲಲ್ಲಿ ಅತ್ತೆ, "ಏನಾಯ್ತು?" ಎಂದಾಗ, "ನಿನ್ನ ಸೊಸೆ ನನ್ನ ವಾದಾನ ನನಗಿಂತ ಚೆನ್ನಾಗಿ ಹೇಳಿ ನನ್ನನ್ನೇ ಸೋಲಿಸಿದ್ಲು," ಎಂದು ಕಾಲು ತೊಳೆಯಲು ಹೋದರು. ಅಣ್ಣನ ದನಿ ಮುನಿಸಿನದೋ ಹೆಮ್ಮೆಯದೋ ಎಂದು ಸೂಜಿಯ ತಾಯಿ ಆಮೇಲೆ ತುಂಬ ದಿನ ಅಳೆದು ನೋಡಿದಳಂತೆ.

ಮಿಕ್ಕ ಡಿಪೋಗಳೂ ಹೆಚ್ಚಾಗಿ ಹೌದೆಂದವು, ಕಾನೂನು ಬಂತು. ಟಯರ್ ಗೋದಾಮಿನ ರಸ್ತೆ ಬದಿಯ ಗೋಡೆ ಒಡೆದು ಹೊಸ ಬಾಗಿಲು ಇಟ್ಟರು. ಬಸ್ಸು ತೊಳೆಯುವವರೂ ಅತ್ತೆಯೂ ಈಗ ಅಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಸಾಲು ಮೊದಲಿಗಿಂತ ಉದ್ದವಾಗಿದೆ. ಅತ್ತೆ ಅದನ್ನು ಮಾವನಿಗೂ ಸೂಜಿಗೂ ಕೇಳಿಸುವಂತೆಯೇ ಹೇಳುತ್ತಾರೆ.

ದವಾಖಾನೆ ಕೈಬಿಟ್ಟ ಮೇಲಿನ ಮೊದಲ ಸಭೆಯ ದಿನ ಸೂಜಿ ಸೀಟು ವಿಭಾಗಕ್ಕೆ ಬಂದಾಗ ಮಾವ ಆಗಲೇ ಒಬ್ಬರೇ ಬೆಂಚು ಎಳೆಯುತ್ತಿದ್ದರು. ಯಾವಾಗಿನದಕ್ಕಿಂತ ಎರಡು ಸಾಲು ಹೆಚ್ಚಿಗೆ ಹಾಕಿದ್ದರು.

"ಇಷ್ಟೊಂದು ಯಾಕೆ ಮಾವ?"

"ಬರ್ತಾರೆ ಅಂತ ನಂಬಿದ್ದು ನೀನು ತಾನೇ? ಹಿಡಿ, ಆ ಕಡೆ ಹಿಡಿ."

ಅವಳು ಹಿಡಿದಳು. ಬೆಂಚು ಭಾರವಾಗಿತ್ತು. ಇಬ್ಬರೂ ಅದನ್ನೆತ್ತಿ, ಉಳಿದವುಗಳ ಹಿಂದೆ ನೇರವಾಗಿ ಕೂರಿಸಿದರು. ಹೊರಗೆ ಪಾಳಿ ಮುಗಿದ ಸೈರನ್ ಕೂಗಿತು. ಅಂಗಳದಲ್ಲಿ ನೂರಾರು ಕಾಲುಗಳ ಸದ್ದೆದ್ದಿತು. ಆ ಅಂಗಳದಿಂದ ಎಡಕ್ಕೆ ತಿರುಗಿದರೆ ಗೇಟು, ಬಲಕ್ಕೆ ತಿರುಗಿದರೆ ಸೀಟು ವಿಭಾಗ. ಮಾವ, ಸೊಸೆ ಬೆಂಚಿನ ಎರಡು ತುದಿಗಳಲ್ಲಿ ಕೈಯಿಟ್ಟು ಬಾಗಿಲ ಕಡೆ ನೋಡುತ್ತ ನಿಂತರು.

ಕಥೆ ಹೇಳಿದವರು ಇಲ್ಲಿಗೆ ನಿಲ್ಲಿಸಿದರು. ಕಾಲುಗಳು ಯಾವ ಕಡೆ ತಿರುಗಿದವು ಎಂಬುದು ಗೊತ್ತಿಲ್ಲ.