ಯೋಗರಾಜನ ಗಾಡಿಯ ಆಯಿಲ್

"ನಿಮ್ಮ ಯಜಮಾನ್ರು ಯಾವ್ದು ಹಾಕ್ತಿದ್ರು?" ಎಂದು ಅಂಗಡಿಯ ಮಂಜಯ್ಯ ಮೂರನೇ ಸಲ ಕೇಳಿದಾಗ ಸ್ವಾತಿಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿದ್ದರೆ ಇಲ್ಲಿ ನಿಂತು ಇವನ ಮುಖ ಯಾಕೆ ನೋಡುತ್ತಿದ್ದಳು? ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಈ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಗಂಡನ ಜೊತೆ ಎಷ್ಟೋ ಸಲ ಬಂದಿದ್ದಳು. ಆದರೆ ಬಂದಾಗಲೆಲ್ಲ ಹೊರಗೆ ಪಿಕಪ್ಪಿನಲ್ಲೇ ಕೂತಿರುತ್ತಿದ್ದಳು. ಒಳಗಿನ ವ್ಯವಹಾರವೆಲ್ಲ ಯೋಗರಾಜನದು.

ಆಯಿಲ್ ವಿಷಯ ಬಂದರೆ ಸುಮ್ಮನಿರುವ ಗಂಡಸು ಈ ತಾಲ್ಲೂಕಿನಲ್ಲಿ ಹುಟ್ಟಿಯೇ ಇಲ್ಲ. ಟಿಲ್ಲರಿನ ಬೆಲ್ಟ್ ಕೊಳ್ಳಲು ಬಂದಿದ್ದವನೊಬ್ಬ ಟಿಲ್ಲರಿಗೆ ಹಾಕುವುದನ್ನೇ ಹಾಕಿ, ಡೀಸೆಲ್ ಇಂಜಿನ್ನಿಗೆಲ್ಲ ಒಂದೇ ಅಂದ. ಇನ್ನೊಬ್ಬ ತನ್ನ ಹೊಸ ಕಾರಿಗೆ ಸಿಂಥೆಟಿಕ್ ಹಾಕಿಸಿದ ಕಥೆ ತೆಗೆದ. ಸ್ವಾತಿ ಯಾರ ಮಾತಿಗೂ ಕಿವಿಗೊಡಲಿಲ್ಲ. ಕಡೆಗೆ ಮಂಜಯ್ಯ ಐದೈದು ಲೀಟರಿನ ಎರಡು ಕ್ಯಾನು ತಂದು ಮೇಜಿನ ಮೇಲಿಟ್ಟ.

"ನೋಡಮ್ಮ, ಇದು ಹದಿನೈದು ನಲವತ್ತು ನಂಬರು, ತೆಳು. ಗಾಡಿ ಓಡ್ಸದಾದ್ರೆ ಇದು. ಇನ್ನೊಂದು ಇಪ್ಪತ್ತು ಐವತ್ತು, ದಪ್ಪ. ಹಳೇ ಇಂಜಿನ್ನಿನ ಸದ್ದು ಅಡಗ್ತದೆ, ಹೊಗೆನೂ ಸ್ವಲ್ಪ ದಿನ ಕಾಣಲ್ಲ. ಗಾಡಿ ಮಾರೋರು ತಗಂಡು ಹೋಗದು ಇದನ್ನ."

"ನಾವು ಮಾರ್ತೀವಿ ಅಂತ ಯಾರು ಹೇಳಿದ್ರು?"

"ನಿಮ್ಮ ತಮ್ಮ ದುರ್ಗೇಶ ಫೋನ್ ಮಾಡಿದ್ನಲ್ಲ" ಎಂದ ಮಂಜಯ್ಯ, ಸ್ವಲ್ಪ ಮುಜುಗರದಿಂದ.

"ಎರಡೂ ಕೊಡಿ. ಒಂದನ್ನ ವಾಪಸ್ ತರ್ತೀನಿ."

"ತರದಾದ್ರೆ ಸೀಲ್ ಒಡೀಬೇಡಿ ಮತ್ತೆ."

ಮನೆ ಮುಟ್ಟಿದಾಗ ದುರ್ಗೇಶ ಪಿಕಪ್ಪಿನ ಅಡಿಯಿಂದ ಹಳೇ ಆಯಿಲ್ ಇಳಿಸಿ ಬೋಲ್ಟ್ ಬಿಗಿದು, ಬೇಸಿನ್ನಿನ ಪಕ್ಕ ಕೈ ಒರೆಸುತ್ತ ಕೂತಿದ್ದ. ಕೋಣಂದೂರಿನ ಮಂಜುನಾಥಪ್ಪ ಊಟ ಮುಗಿಸಿಕೊಂಡು, ಕೊಳ್ಳಲಿಕ್ಕೆಂದು ಗಾಡಿ ನೋಡಲು ಬರುತ್ತೇನೆ ಎಂದಿದ್ದರು. ದುರ್ಗೇಶ ಕೆಟ್ಟವನಲ್ಲ. ಅಕ್ಕನ ಮನೆಯೆದುರು ನಿಂತಲ್ಲೇ ತುಕ್ಕು ಹಿಡಿಯುತ್ತಿರುವ ಗಾಡಿಯನ್ನು ನೋಡಿ ನೋಡಿ ಅವನಿಗೆ ಸಾಕಾಗಿತ್ತು, ಅಷ್ಟೆ.

ಮಳೆ ಶುರುವಾಗುವ ಮೊದಲು, ಶುಂಠಿ ಮೂಟೆಗಳ ಮೇಲೆ ನಿಂತು ಹಗ್ಗ ಬಿಗಿಯುವಾಗ ಹಗ್ಗ ತುಂಡಾಗಿ ಯೋಗರಾಜ ಹಿಂದಕ್ಕೆ ಬಿದ್ದಿದ್ದ. ಕೈಕಾಲಿಗೆ ಏನೂ ಆಗಲಿಲ್ಲ. ಏಟು ಬಿದ್ದಿದ್ದು ತಲೆಗೆ. ಈಗ ಏಳುತ್ತಾನೆ, ನಡೆಯುತ್ತಾನೆ, ಬಡಿಸಿದ್ದನ್ನು ಉಣ್ಣುತ್ತಾನೆ. ಮಾತು ಮಾತ್ರ "ಉಂ", "ಬ್ಯಾಡ", "ನೀರು" ಇಷ್ಟರಲ್ಲೇ ನಿಂತಿತ್ತು. ಹೆಂಡತಿಯನ್ನು ಹೆಸರು ಹಿಡಿದು ಕರೆದಿರಲಿಲ್ಲ. ಶಿವಮೊಗ್ಗದ ಡಾಕ್ಟರು, ಅವರ ಕೆಲಸಕ್ಕೆ ಸಂಬಂಧಪಟ್ಟದ್ದನ್ನು ತೋರಿಸುತ್ತ ಇರಿ, ಯಾವುದರಿಂದ ನೆನಪು ಬರುತ್ತದೋ ಹೇಳುವುದಕ್ಕಾಗುವುದಿಲ್ಲ ಎಂದಿದ್ದರು. ಸ್ವಾತಿ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗಾಡಿಯ ಕೀ ಕೊಟ್ಟು ನೋಡಿದಳು. ಅದನ್ನು ತಿರುಗಿಸಿ ನೋಡಿ ಕಿಟಕಿಯ ಮೇಲಿಟ್ಟ. ಸೀಟಿನಲ್ಲಿ ಕೂರಿಸಿದಳು, ಅಲ್ಲೇ ನಿದ್ದೆ ಹೋದ.

ಆಯಿಲ್ ಒಂದನ್ನು ಮಾತ್ರ ಇನ್ನೂ ತೋರಿಸಿರಲಿಲ್ಲ. ಯೋಗರಾಜ ಆಯಿಲ್ ಕೆಲಸವನ್ನು ಯಾವ ಮೆಕ್ಯಾನಿಕ್ಕಿಗೂ ಬಿಟ್ಟುಕೊಟ್ಟವನಲ್ಲ. ಇಂಜಿನ್ನಿನಿಂದ ಆಯಿಲ್ ಅಳೆಯುವ ಕಡ್ಡಿ ಎಳೆದು, ಒಂದು ಹನಿ ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಇಟ್ಟು ತಿಕ್ಕಿ, "ಇನ್ನೂ ಜೀವ ಇದೆ" ಎನ್ನುತ್ತಿದ್ದ, ಇಲ್ಲವೇ "ಮುಗೀತು ಇದರ ಕಥೆ" ಎನ್ನುತ್ತಿದ್ದ. ಅವನ ಕೈ ಮರೆತಿರಲಿಕ್ಕಿಲ್ಲ ಎಂಬುದು ಸ್ವಾತಿಯ ನಂಬಿಕೆ. ಬಸ್ಸಿನಲ್ಲಿ ಎರಡೂ ಕ್ಯಾನುಗಳನ್ನು ಕಾಲ ನಡುವೆ ಇಟ್ಟುಕೊಂಡು ಬರುವಾಗ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಳು: ಇವತ್ತು ಇದೊಂದನ್ನು ಸರಿಯಾಗಿ ಹೇಳಲಿ, ಗಾಡಿ ಮಾರುವುದಿಲ್ಲ. ಡ್ರೈವರನ್ನು ಇಟ್ಟು ಓಡಿಸುತ್ತೇನೆ. ಅವರು ಪಕ್ಕದ ಸೀಟಿನಲ್ಲಿ ಕೂತಿದ್ದರೆ ಸಾಕು. ಹೇಳದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಕಿಟಕಿಯ ಹೊರಗೆ ನೋಡಿದ್ದಳು.

"ಅಕ್ಕ, ದಪ್ಪಂದು ಕೊಡು, ಹಾಕ್ಬಿಡ್ತೀನಿ. ಮಂಜುನಾಥಪ್ಪ ಬರೋ ಹೊತ್ತಾಯ್ತು" ಎಂದ ದುರ್ಗೇಶ.

"ತಡಿಯೋ. ಅವ್ರನ್ನ ಒಂದ್ ಮಾತು ಕೇಳ್ತೀನಿ."

"ಭಾವ ಎಂತ ಹೇಳ್ತಾರೆ ಅಕ್ಕ? ಎಷ್ಟು ದಿನ ಅಂತ ನಿನ್ನ ನೀನೇ ಹಿಂಗೆ..."

"ಅವ್ರ ಗಾಡಿ ಅದು. ಕೇಳ್ದೆ ಹೆಂಗೆ ಕೊಡ್ಲಿ?"

ಸ್ವಾತಿ ಅಡಿಗೆಮನೆಯಿಂದ ಎರಡು ಸ್ಟೀಲಿನ ಬಟ್ಟಲು ತಂದು ಎರಡೂ ಕ್ಯಾನಿನ ಸೀಲ್ ಒಡೆದಳು. ಮಂಜಯ್ಯನಿಗೆ ಕೊಟ್ಟ ಮಾತು ಅವಳಿಗೆ ನೆನಪಿತ್ತು. ಆದರೂ ಒಡೆದಳು. ಒಂದರಿಂದ ಒಂದಿಷ್ಟು, ಇನ್ನೊಂದರಿಂದ ಒಂದಿಷ್ಟು ಬಗ್ಗಿಸಿಕೊಂಡು ಜಗಲಿಗೆ ಹೋದಳು. ಹೊಸ ಆಯಿಲ್ ಜೇನುತುಪ್ಪದ ಬಣ್ಣಕ್ಕಿತ್ತು.

ಯೋಗರಾಜ ಲುಂಗಿ ಉಟ್ಟು, ಬನಿಯನ್ನಿನಲ್ಲಿ, ಕಂಬಕ್ಕೆ ಒರಗಿ ಕೂತಿದ್ದ. ಅವಳೇ ಬೆಳಿಗ್ಗೆ ತಲೆ ಬಾಚಿ ಕೂರಿಸಿದ್ದಳು. ಅವನೆದುರು ಮಂಡಿಯೂರಿ ಬಟ್ಟಲುಗಳನ್ನು ಇಟ್ಟಳು.

"ಇಲ್ನೋಡಿ. ಗಾಡಿ ಆಯಿಲ್ ತಂದೀನಿ. ಇದು ತೆಳು, ಇದು ದಪ್ಪ. ನಮ್ಮ ಗಾಡಿಗೆ ಯಾವ್ದು ಹಾಕ್ತಿದ್ರಿ ನೀವು? ಮುಟ್ಟಿ ನೋಡಿ."

ಅವನು ಬಟ್ಟಲನ್ನು ನೋಡಿದ. ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ ತೆಳುವಾದ ಆಯಿಲಿನ ಬಟ್ಟಲಿಗೆ ಬೆರಳು ಅದ್ದಿ, ಮೇಲೆತ್ತಿ, ಹೆಬ್ಬೆಟ್ಟಿನಿಂದ ತಿಕ್ಕಿದ. ಮೊದಲು ತಿಕ್ಕುತ್ತಿದ್ದ ಹಾಗೆಯೇ, ಹುಬ್ಬು ಗಂಟಿಕ್ಕಿಕೊಂಡು. ಸ್ವಾತಿ ಇನ್ನಷ್ಟು ಮುಂದಕ್ಕೆ ಬಾಗಿದಳು. ಅಂಗಳದಲ್ಲಿದ್ದ ದುರ್ಗೇಶನೂ ಎದ್ದು ಜಗಲಿಯ ಮೆಟ್ಟಿಲ ತನಕ ಬಂದ.

"ಹೇಳಿ. ಇದೇನಾ?"

"ಉಂ" ಎಂದ ಯೋಗರಾಜ.

ದೇವರೇ, ಇಷ್ಟು ಸಾಕು ಎಂದುಕೊಂಡಳು ಸ್ವಾತಿ. ತಮ್ಮನ ಕಡೆ ತಿರುಗಿ ನಗಲು ಹೊರಟಿದ್ದಳು. ಅಷ್ಟರಲ್ಲಿ ಯೋಗರಾಜ ಬಟ್ಟಲೆತ್ತಿ ಇದ್ದಬದ್ದ ಆಯಿಲನ್ನೆಲ್ಲ ಅಂಗೈಗೆ ಸುರಿದುಕೊಂಡ. ನೆತ್ತಿಗೆ ಹಾಕಿಕೊಂಡು ತಟ್ಟಿದ, ಎರಡೂ ಕೈಯಿಂದ ಕೂದಲ ಬುಡಕ್ಕೆ ತಿಕ್ಕಿದ, ಕಿವಿಯ ಹಿಂದೆ ಸವರಿಕೊಂಡ. ಅಂಗೈಯಲ್ಲಿ ಉಳಿದದ್ದನ್ನು ಮೊಣಕೈಗೆ, ಕಾಲಿಗೆ ಹಚ್ಚಿಕೊಂಡ. ಕೆಲಸ ಸಮಾಧಾನವಾಗಿ ಮುಗಿದ ಮೇಲೆ ಅವಳನ್ನು ನೋಡಿ ಸ್ಪಷ್ಟವಾಗಿ ಕೇಳಿದ:

"ಸ್ನಾನಕ್ಕೆ ನೀರು ಕಾದಿದೆಯಾ?"

ಬಿದ್ದ ಮೇಲೆ ಅವನು ಆಡಿದ ಮೊದಲ ಪೂರ್ತಿ ಮಾತು ಅದು.

ಸ್ವಾತಿ ಖಾಲಿ ಬಟ್ಟಲನ್ನು ಎತ್ತಿ ಬದಿಗಿಟ್ಟಳು. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಕಾದಿದೆ, ಏಳಿ" ಎಂದಳು ಕಡೆಗೆ. ಹಂಡೆಯಲ್ಲಿದ್ದದ್ದು ಬೆಳಗಿನ ಉಗುರುಬೆಚ್ಚಗಿನ ನೀರು. ಅದೇ ಸಾಕು.

ದುರ್ಗೇಶ ದಪ್ಪ ಆಯಿಲಿನ ಕ್ಯಾನು ಎತ್ತಿಕೊಂಡು ಗಾಡಿಯ ಹತ್ತಿರ ಹೋದ. ಬಾನೆಟ್ಟು ಎತ್ತಿದ ಸದ್ದು ಬಚ್ಚಲಲ್ಲಿದ್ದ ಸ್ವಾತಿಗೆ ಕೇಳಿಸಿತು.

ಅವಳು ಗಂಡನನ್ನು ಕಲ್ಲಿನ ಮೇಲೆ ಕೂರಿಸಿ ತಲೆಗೆ ನೀರು ಹೊಯ್ದಳು. ಸೀಗೆಪುಡಿ ಹಾಕಿ ತಿಕ್ಕಿದಳು, ಹೋಗಲಿಲ್ಲ. ಪಾತ್ರೆ ತೊಳೆಯುವ ಸೋಪು ತಂದು ತಿಕ್ಕಿದಳು. ಹೊರಗೆ ಪಿಕಪ್ ಒಮ್ಮೆ ಕೆಮ್ಮಿ ಸ್ಟಾರ್ಟ್ ಆಯಿತು. ದುರ್ಗೇಶ ಆಕ್ಸಿಲರೇಟರ್ ಕೊಟ್ಟು ನೋಡಿದ. ಎಂದೂ ಇಲ್ಲದಷ್ಟು ನಯವಾಗಿ ಓಡುತ್ತಿತ್ತು ಇಂಜಿನ್. ಆ ಸದ್ದನ್ನಾದರೂ ಗುರುತು ಹಿಡಿಯುತ್ತಾನೇನೋ ಎಂದು ಸ್ವಾತಿ ತಿಕ್ಕುತ್ತಿದ್ದ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು.

"ಕಣ್ಣು ಉರಿತದೆ" ಎಂದ ಯೋಗರಾಜ.

ಅವಳು ಚೊಂಬಿನಲ್ಲಿ ನೀರು ತೆಗೆದುಕೊಂಡು, ಒಂದು ಕೈಯನ್ನು ಅವನ ಹಣೆಗೆ ಅಡ್ಡ ಹಿಡಿದು, ಮೆಲ್ಲಗೆ ಹೊಯ್ದಳು.