ನಾಲ್ಕು ಬೆರಳಗಲ

ಹೊಸ ನೂಲಿನ ಗಂಜಿ ವಾಸನೆ, ಮಡಿಕೆ ಬಿಚ್ಚಿದ ಸಪ್ಪಳ, ಮೊಗುಲಪ್ಪ ಚಾಪೆಯ ಮೇಲೆ ಕೂತೇಬಿಟ್ಟ, ಚಹಾ ಆಮ್ಯಾಲ, ಮೊದಲ ಮಾಲು ನೋಡೂಣು ಅಂದ, ಎದೆ ಹೀಗೆ ಡವಡವ ಹೊಡೆದುಕೊಂಡರೆ ಅವನಿಗೂ ಕೇಳಿಸೀತು, ಬುಚ್ಚಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಒರೆಸಿದರೆ ನಗು ಹೋಗುತ್ತದೆಯೆ, ಒಳಗಿನಿಂದ ಉಕ್ಕುತ್ತಿದೆ, ಹದಿನೇಳು ವರ್ಷ ಈ ಮನೆಯಲ್ಲಿ ಗಂಡನಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟವಳು ತಾನು, ಮೊದಲ ಸಲ ಮಗ್ಗಕ್ಕೆ ಕೂತು ಪೂರಾ ಒಂದು ಸೀರೆ ಇಳಿಸಿದ್ದಾಳೆ, ಹನ್ನೆರಡು ದಿನ, ಅದು ಈಗ ಸೇಠರ ಕಡೆಯಿಂದ ಮಾಲು ಪಾಸು ಮಾಡುವ ಈ ಮನುಷ್ಯನ ತೊಡೆಯ ಮೇಲಿದೆ — ನೀ ನೇಯ್ದಿ ಅಂತ ಬಾಯಿ ಬಿಡಬ್ಯಾಡ, ನಂದೇ ಅಂತ ತಿಳಕೊಂಡು ನೋಡ್ಲಿ, ಅವ ಒಂದನೇ ನಂಬರ್ ಮಾಲು ಅಂದ್ರ ಮಗ್ಗ ಇರತೈತಿ, ನೀನ ಕುಂದ್ರು, ಎರಡನೇದು ಅಂದ್ರ ಸೋಮವಾರ ಮೊರಂ ಮಣ್ಣು ತರಿಸಿ ಕುಣಿ ಮುಚ್ಚತೀನಿ — ಇದು ಗಂಡ ಸಾಯಣ್ಣನ ಷರತ್ತು, ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿದೂ ತುಳಿದೂ ಮೊಣಕಾಲು ಹೋದವು ಅವನವು, ಗದ್ವಾಲ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಗೊತ್ತಾಗಿದೆ, ಇನ್ನು ಮನೆ ನಡುವೆ ಗುಂಡಿ ಯಾತಕ್ಕ ಅನ್ನುತ್ತಾನೆ.

ಮುಚ್ಚಿದರೆ ಹಾಲ್ ಆಗುತ್ತದಂತೆ, ರಾಯಚೂರಿನ ನಾದಿನಿ ಮನೆಯ ಹಾಗೆ, ಸೋಫಾ, ಗಾಜಿನ ಟೀಪಾಯಿ, ಪ್ಲಾಸ್ಟಿಕ್ ಹೂವು, ಅಲ್ಲಿ ಹೋದಾಗ ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ ತನಗೆ, ಹಾಲ್ ಅಂದರೆ ಇದಲ್ಲವೆ ಮತ್ತೆ, ಇರುವುದೊಂದೇ ಕೋಣೆ, ಬೆಳಿಗ್ಗೆ ಹಾಸಿಗೆ ಸುತ್ತಿಟ್ಟರೆ ಮಗ್ಗದ ಮನೆ, ಸಂಜೆ ಮಗಳು ರಜಿನಿ ಮಗ್ಗದ ಕಂಬಕ್ಕೆ ಬೆನ್ನು ಕೊಟ್ಟು ಹತ್ತನೇ ಕ್ಲಾಸಿನ ಪುಸ್ತಕ ತೆಗೆದರೆ ಸಾಲಿ, ಕುಣಿಯ ಮೇಲೆ ಹಲಗೆ ಎಳೆದು ತಟ್ಟೆ ಇಟ್ಟರೆ ಊಟದ ಮನೆ, ಗೂಡಿನಲ್ಲಿ ದೀಪ ಹಚ್ಚಿದರೆ ದೇವರ ಮನೆ, ಅಕ್ಕಿ ಡಬ್ಬದ ಮೇಲಿನ ಟೀವಿ ಹಾಕಿದರೆ ಟಾಕೀಸು, ಇನ್ನೇನು ಬೇಕು, ರೇಷ್ಮೆಯ ಸೆರಗು ಮಗ್ಗದ ಮೇಲಿದ್ದಷ್ಟು ದಿನ ಒಗ್ಗರಣೆ ಬಂದ್, ಹೊಗೆ ಹಿಡಿಯುತ್ತದೆ ಅಂತ, ರಜಿನಿ ಮೂಗು ಮುರಿಯುತ್ತಾಳೆ, ಸೀರಿಗಿರೋ ಮರ್ಯಾದಿ ನಮ್ಮ ಬ್ಯಾಳಿಗಿಲ್ಲೇನಬೇ — ಇಂಥ ಕೋಣೆಗೆ ತಾನು ಹದಿನೇಳು ವರ್ಷ ಬೆನ್ನು ಮಾಡಿ ಕೂತಿದ್ದಳು, ಕಂಡಿಕೆ ಸುತ್ತುವ ರಾಟೆ ಇರುವುದು ಮೂಲೆಯಲ್ಲಿ, ಗೋಡೆಗೆ ಮುಖ, ಟೀವಿಯ ಮಾತು ಕೇಳುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ, ಮೊದಲ ದಿನ ಕುಣಿಗೆ ಕಾಲಿಳಿಸಿ ತಲೆ ಎತ್ತಿದರೆ ಅಯ್ಯ ಶಿವನೆ ಎಲ್ಲ ಕಾಣುತ್ತದೆ ಇಲ್ಲಿಂದ, ಒಲೆ ಕಾಣುತ್ತದೆ, ಬೀದಿ ಬಾಗಿಲು ಕಾಣುತ್ತದೆ, ಮಗಳು ಪುಸ್ತಕದೊಳಗೆ ಫೋನು ಇಟ್ಟುಕೊಂಡದ್ದು ಕಾಣುತ್ತದೆ, ಈ ಗಂಡ ಇಷ್ಟು ವರ್ಷ ರಾಜನ ಹಾಗೆ ಇಲ್ಲಿ ಕೂತು ಒಂದು ಮಾತಾದರೂ ಹೇಳಿದನೆ, ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಖುಷಿ, ಈ ಜಾಗ ತನಗೆ ಬೇಕು, ಬೇಕೇ ಬೇಕು.

ಮೊಗುಲಪ್ಪನ ಕಿರುಬೆರಳಿನ ಉಗುರು ಉದ್ದ, ಮಾಲು ನೋಡಲೆಂದೇ ಬೆಳೆಸಿದ್ದು, ಸೀರೆಯ ಮೇಲೆ ಚೌಕಡಿಯಿಂದ ಚೌಕಡಿಗೆ ಸರಿಯುತ್ತಿದೆ, ಒಂದು ಮೊಳ ಆಯಿತು, ಎರಡು, ಹೋಗಲಿ, ಹಾಗೇ ಹೋಗಲಿ, ಮೂರನೇ ಮೊಳದಲ್ಲಿ ಅದಿದೆ — ಮೊನ್ನೆ ಮಂಗಳವಾರದ್ದು, ದಿಲ್ಲಿಯಲ್ಲಿ ತೆಲಂಗಾಣ ಬಿಲ್ಲು ಪಾಸಾಯಿತೆಂದು ಟೀವಿಯಲ್ಲಿ ಬಂದದ್ದೇ ಓಣಿಯೆಲ್ಲ ಈ ಕೋಣೆಗೆ ನುಗ್ಗಿತು, ಕುಣಿಯ ದಂಡೆಯ ಮೇಲೆ ಹುಡುಗರು, ಮಂಚದ ಮೇಲೆ ಏಳು ಮಂದಿ, ಪಕ್ಕದ ಮನೆಯ ಪೋಚಮ್ಮತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕುತ್ತ, ವಚ್ಚೇಸಿಂದಿ ವಚ್ಚೇಸಿಂದಿ, ಬಂದೇಬಿಟ್ಟಿತು ಅಂತ, ತಾನು ಚಹಾಕ್ಕೆ ಎದ್ದದ್ದು ಹತ್ತು ನಿಮಿಷ, ಬಂದು ನೋಡಿದರೆ ಸಾಯಣ್ಣ ಮಗ್ಗಕ್ಕೆ ಕೂತಿದ್ದಾನೆ, ಮೊಣಕಾಲು ನೋವು ಎಲ್ಲಿ ಹೋಯಿತೋ, ಕಣ್ಣು ಟೀವಿಯಲ್ಲಿ, ಕೈ ತನ್ನಷ್ಟಕ್ಕೆ ಧಡ್ ಧಡ್ ಹೊಡೆಯುತ್ತಿದೆ, ಅವನು ಹಾಗೆ ನಕ್ಕದ್ದನ್ನು ಕಂಡು ಎಷ್ಟು ದಿನವಾಗಿತ್ತು, ಏಳ್ರಿ ಅನ್ನಲು ಬಾಯಿ ಬರಲಿಲ್ಲ, ಮಂದಿ ಹೋದ ಮೇಲೆ ನೋಡಿದಳು, ನಾಲ್ಕು ಬೆರಳಗಲ ನೇಯ್ಗೆ, ಹೊಡೆತ ಜಾಸ್ತಿಯಾಗಿ ಚೌಕಡಿಗಳೆಲ್ಲ ಚಪ್ಪಟೆ, ಬಿಚ್ಚಲು ಹೋದರೆ ಎಳೆ ಹರಿಯುತ್ತವೆ, ಬಿಟ್ಟಳು, ಅವನೂ ನೋಡಿದ.

ಕೈ ಛಲೋ ಕುಂತೈತಿ ಸಾಯಣ್ಣ, ಈ ಸಲ ಹೊಡತ ಎಷ್ಟು ಸಮ ಬಂದೈತಿ, ಮೊಗುಲಪ್ಪ ಅನ್ನುತ್ತಿದ್ದಾನೆ, ಸಾಯಣ್ಣನಿಗೆ ಅನ್ನುತ್ತಿದ್ದಾನೆ, ಕೇಳುತ್ತಿರುವವಳು ತಾನು, ಕಿವಿ ಬಿಸಿಯಾದವು, ಕುಣಿದುಬಿಡಬೇಕು ಅನ್ನಿಸುತ್ತಿದೆ, ರಜಿನಿ ಪುಸ್ತಕದ ಹಿಂದೆ ನಗುತ್ತಿದ್ದಾಳೆ, ನಗಬೇಡವೆ, ಗೊತ್ತಾದೀತು, ಉಗುರು ಸರಿಯುತ್ತಿದೆ, ಮೂರನೇ ಮೊಳ, ಉಗುರು — ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಚಪ್ಪಟೆ ಚೌಕಡಿಯ ಮೇಲೆ ನಿಂತಿತು. ಇದೇನಿದು, ಇಲ್ಲಿ ಕೈ ಬ್ಯಾರೆ ಐತಲ್ಲ, ಹೆಂಡ್ತಿನ್ನ ಕುಂದ್ರಿಸಿದ್ದೇನು. ತಾನೇ ಹೇಳಿಬಿಡಲೆ, ಅದು ಅವನ ಕೈ ಅಂತ, ಹೇಳಿದರೆ ಯಾರು ನಂಬುತ್ತಾರೆ, ಗಂಡನ ಮೇಲೆ ಹಾಕಿದಳು ಅನ್ನುತ್ತಾರೆ, ಸಾಯಣ್ಣ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಾನೆ, ಮೊಗುಲಪ್ಪನೇ ನಕ್ಕ, ಹೋಗ್ಲಿ ಬಿಡು, ನೆರಿಗ್ಯಾಗ ಮುಚ್ಚಿಹೋಗತೈತಿ, ಒಂದನೇ ನಂಬರ್ ಬರಕೋತೀನಿ, ಖರೆ ಆಕೀನ್ನ ಇನ್ನ ಮ್ಯಾಲೆ ಮಗ್ಗಕ್ಕ ಹಚ್ಚಬ್ಯಾಡ, ಕಂಡಿಕಿ ಸುತ್ಲಿ ಸಾಕು. ಒಂದನೇ ನಂಬರ್, ಒಂದನೇ ನಂಬರ್ ಅಂದ, ಗೆದ್ದಳು, ಆದರೆ ಗೆದ್ದ ಕೈ ಯಾರದೆಂದು ಬರೆದುಕೊಂಡು ಹೋಗುತ್ತಾನೆ ಇವನು, ಬಾಯಿ ಬಿಡಬ್ಯಾಡ ಅಂದಿದ್ದಾನಲ್ಲ ಗಂಡ, ಬಿಡಬೇಡ, ಬಿಡಬೇಡ, ಅಷ್ಟರಲ್ಲಿ ಸಾಯಣ್ಣ ಗಂಟಲು ಸರಿಮಾಡಿಕೊಂಡ — ಮೊಗುಲಪ್ಪರೀ, ಆ ನಾಲ್ಕು ಬೆರಳು ನಂದು. ಉಳದದ್ದೆಲ್ಲ ಆಕೀದು. ಒಂದನೇ ನಂಬರ್ ಇನ್ನೂ ಬರೆದುಕೊಂಡಿಲ್ಲ ಇವನು, ಚಹಾ ಇಡಬೇಕು, ಏಳಬೇಕು, ಉಗುರು ಸೀರೆಯ ಆ ತುದಿಗೆ ಹೋಯಿತು, ಈ ತುದಿಗೆ ಬಂತು, ಮತ್ತೆ ಅಲ್ಲೇ, ಗಂಡನ ಚಪ್ಪಟೆ ಚೌಕಡಿಯ ಮೇಲೆ, ಉಗುರು, ಅಲ್ಲೇ, ಆ ಉಗುರು.