ಹನ್ನೊಂದೂವರೆಗೆ ಲೈನ್

ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೆಲಸದವರ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿವೆ. ಅದಕ್ಕೆ ಲೈನ್ ಅಂತಾರೆ. ನಮ್ಮದು ಕೊನೆಯ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಮಗಳು ರಂಜಿತಾಗೆ ಸೋಮವಾರದಿಂದ ಹತ್ತನೇ ಕ್ಲಾಸಿನ ಪರೀಕ್ಷೆ.

ಶುಕ್ರವಾರ ಸಂಜೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಹಾಜರಿ ಬರೆಯುವ ರೈಟರ್ ದಯಾನಂದ ಬಂದು ಒಂದು ಹಾಳೆ ಕೊಟ್ಟರು. ತೋಟದ ಸಾಹುಕಾರರ ಬಂಗಲೆಯಲ್ಲಿ ಈಗ ಹೋಂಸ್ಟೇ ಇದೆ. ಭಾನುವಾರ ಬರುವ ಹನ್ನೆರಡು ಜನ ಏನೇನು ನೋಡಬೇಕು ಅನ್ನುವ ಪಟ್ಟಿ ಅದು.

ಹತ್ತಕ್ಕೆ ಗುಡ್ಡ. ಹನ್ನೊಂದಕ್ಕೆ ಕಾಫಿ ಒಣಗಿಸುವ ಕಣ. ಹನ್ನೊಂದೂವರೆಗೆ ಲೈನ್, ಕೊನೆಯ ಮನೆ. ಒಂದಕ್ಕೆ ಊಟ.

"ಕೊನೆಯ ಮನೆ ಅಂದ್ರೆ ನಮ್ದಲ್ವಾ ರೈಟ್ರೇ?"

"ಹೌದು ರಾಮಕ್ಕ. ನಿಮ್ಮನೆ ಕ್ಲೀನಾಗಿರತ್ತೆ ಅಂತ ನಾನೇ ಹೇಳ್ದೆ. ಒಲೆ ಗಿಲೆ ನೋಡ್ತಾರೆ, ಫೋಟೋ ತಗೋತಾರೆ, ಅಷ್ಟೇ. ನೀವು ಕಾಫಿ ಕುಯ್ಯೋ ಚೀಲ ಸೊಂಟಕ್ಕೆ ಕಟ್ಕೊಂಡಿರಿ, ಚೆನ್ನಾಗ್ ಕಾಣತ್ತೆ."

"ಕುಯ್ಲು ಮುಗ್ದು ಎಷ್ಟ್ ದಿನ ಆಯ್ತು. ಮಾರ್ಚಲ್ಲಿ ಚೀಲ ಕಟ್ಕೊಂಡು ಏನ್ ಕುಯ್ಲಿ, ನಿಮ್ ಮೀಸೇನಾ?"

ಪಕ್ಕದ ಮನೆಯೊಳಗಿಂದ ಯಾರೋ ನಕ್ಕರು. ದಯಾನಂದ ನಗಲಿಲ್ಲ. "ಬಂಗಲೆ ಅಮ್ಮಾವ್ರು ಒಪ್ಪಿ ಆಗಿದೆ," ಅಂದು ಹೊರಟರು.

ಮೈ ಉರಿಯಿತು. ಮನೆಗೆ ಬಂದವರನ್ನು ಬೆಲ್ಲ, ನೀರು ಕೊಡದೆ ಕಳಿಸಿದವಳಲ್ಲ ನಾನು. ಆದರೆ ಬರುವವರು ಅಂಗಳದಲ್ಲಿ ನಿಂತು, ಅಕ್ಕ ಇದ್ದೀರಾ, ಅಂತ ಕೇಳುತ್ತಾರೆ. ಕೆಲಸ ಮಾಡಿಸುವ ಮೇಸ್ತ್ರಿಯೂ ಕೇಳುತ್ತಾನೆ. ಗುಡ್ಡವನ್ನು ಯಾರೂ ಕೇಳಬೇಕಾಗಿಲ್ಲ, ಕಣವನ್ನೂ ಕೇಳಬೇಕಾಗಿಲ್ಲ. ಅವೆರಡರ ಕೆಳಗೆ ನಮ್ಮನ್ನು ಬರೆದಿದ್ದರು.

ಹಾಳೆ ತಿರುಗಿಸಿದೆ. ಹಿಂದೆ ಅದೇ ಪಟ್ಟಿ ಇಂಗ್ಲಿಷಿನಲ್ಲಿ, ರಂಜಿತಾಳ ಅಕ್ಷರದಲ್ಲಿ.

"ನೀನು ಬರ್ದಿದ್ದಾ ಮಗಾ?"

"ರೈಟರ್ ಮಾಮ ಬರ್ಕೊಡು ಅಂದ್ರು." ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಬೇಡ ಅಂದ್ರೆ ನಿಂಗೆ ಕೆಲ್ಸದಲ್ಲಿ ತೊಂದ್ರೆ ಕೊಡ್ತಾರೇನೋ ಅಂತ. ಅವತ್ತು ಗೊಬ್ಬರದ ಶೆಡ್ಡಲ್ಲಿ ಕೂತು ಓದ್ಕೋತೀನಮ್ಮ."

ನನ್ನ ಮಗು ತನ್ನ ಮನೆ ಬಿಟ್ಟು ಕೂರಲು ಆಗಲೇ ಜಾಗ ಹುಡುಕಿಟ್ಟುಕೊಂಡಿತ್ತು. ಅವಳ ತಲೆ ಸವರಿ, ಮೊರ ಕೆಳಗಿಟ್ಟು, ಆ ಹಾಳೆ ಹಿಡಿದು ಬಂಗಲೆಗೆ ನಡೆದೆ.

ಸಾಹುಕಾರರ ಹೆಂಡತಿ ಶಾಲಿನಿಯವರು ಜಗಲಿಯಲ್ಲಿದ್ದರು.

"ಅಮ್ಮಾ, ಭಾನುವಾರ ನಮ್ಮನೆಗೆ ಯಾರೂ ಬರೋದು ಬೇಡ. ಮಗಳು ಓದ್ತಿದಾಳೆ."

"ಹತ್ತು ನಿಮಿಷ ರಾಮಮ್ಮ. ಅವ್ರಿಗೆ ಹೇಳಿ ಆಗಿದೆ."

"ಅವ್ರಿಗೆ ಹೇಳಿದೀರಿ. ನನ್ನ ಕೇಳಿಲ್ಲ."

ಹಾಳೆಯನ್ನು ಅವರ ಮುಂದಿಟ್ಟೆ. ಅಲ್ಲಿಂದ ಕದಲಲಿಲ್ಲ.

"ಸರಿ. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ."

"ಆಗ್ಲೂ ಕೇಳ್ಬೇಕಮ್ಮ."

ನನ್ನ ಮುಖ ನೋಡದೆ ಪೆನ್ನು ತಗೊಂಡು ಪಟ್ಟಿಯಲ್ಲಿ ನಮ್ಮ ಮನೆಯ ಸಾಲನ್ನು ಹೊಡೆದು ಹಾಕಿದರು. ಭಾನುವಾರ ಯಾರೂ ಬರಲಿಲ್ಲ.

ಸೋಮವಾರ ನನಗೆ ತೋಟದ ಮೇಲಿನ ಬ್ಲಾಕಿನಲ್ಲಿ ಕೆಲಸ ಹಾಕಿದ್ದರು, ಎಲ್ಲಕ್ಕಿಂತ ಕಡಿದಾದ ಏರು. ಯಾಕೆ ಅಂತ ನನಗೂ ಗೊತ್ತು, ಹಾಕಿದವರಿಗೂ ಗೊತ್ತು. ರಂಜಿತಾಳನ್ನು ಪರೀಕ್ಷೆಗೆ ಬಸ್ಸು ಹತ್ತಿಸಿ, ರೆಂಬೆ ಸವರುವ ಕತ್ತಿ ತಗೊಂಡು ಕೆಲಸಕ್ಕೆ ಹೋದೆ.